ಮೊದಲ ಪಂಕ್ತಿ

ಹಡಗಿನಲ್ಲಿ ಸೂಟ್ ಬುಕ್ ಮಾಡಿದವರಿಗೆ ಏನೇನು ಸವಲತ್ತು ಸಿಗುತ್ತದೆ ಎನ್ನುವ ಪಟ್ಟಿಯನ್ನು ನಿಧಾನವಾಗಿ ಓದಿದರೆ, ಅದರಲ್ಲಿ ವಸ್ತುಗಳು ಕಡಿಮೆ ಎಂದು ಗೊತ್ತಾಗುತ್ತದೆ. ದೊಡ್ಡ ಕೋಣೆ, ಕಡಲಿಗೆ ತೆರೆದ ಬಾಲ್ಕನಿ, ಬಾತ್‌ಟಬ್ಬು, ಕಾಫಿ ಮಾಡುವ ಯಂತ್ರ, ಅಲ್ಲಿಗೆ ವಸ್ತುಗಳ ಲೆಕ್ಕ ಮುಗಿಯಿತು. ಉಳಿದದ್ದೆಲ್ಲ ಸರದಿಯ ಮಾತು. ಹಡಗು ಹತ್ತುವಾಗ ನೀವು ಮೊದಲು, ಇಳಿಯುವಾಗಲೂ ನೀವೇ ಮೊದಲು. ರಾತ್ರಿಯ ಕಾರ್ಯಕ್ರಮಕ್ಕೆ ನಿಮ್ಮ ಕುರ್ಚಿ ಕಾದಿರುತ್ತದೆ. ಊಟಕ್ಕೆ ನಿಮ್ಮದೇ ಬೇರೆ ರೆಸ್ಟೋರೆಂಟು, ಗಾಳಿ ಬಿಸಿಲಿಗೆ ನಿಮ್ಮದೇ ಬೇರೆ ಡೆಕ್ಕು. ಏನು ಬೇಕಾದರೂ ಕರೆದರೆ ಬರುವ ಬಟ್ಲರ್. ಕೊಟ್ಟ ದುಡ್ಡಿನ ಬಹುಪಾಲು ಹೋಗುವುದು ಕಾಯದೆ ಇರುವ ಹಕ್ಕಿಗೆ.

ಇದು ನಮಗೆ ಹೊಸದೇನಲ್ಲ. ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದನ್ನು ನೋಡಿಕೊಂಡು ಬೆಳೆದವರು ನಾವು. ಹಡಗಿನಲ್ಲೂ ಬೆಳಗಾಗುವುದೇ ತಡ, ಈಜುಕೊಳದ ಸುತ್ತಲಿನ ಕುರ್ಚಿಗಳ ಮೇಲೆ ಟವೆಲ್ಲು ಹಾಸಿಟ್ಟು ತಿಂಡಿಗೆ ಹೋಗುವವರಿದ್ದಾರೆ. ಅಮೆರಿಕದವರೂ ಇದನ್ನು ಮಾಡುತ್ತಾರೆ ಎಂದು ತಿಳಿದಾಗ ನನಗೆ ಯಾಕೋ ಸಮಾಧಾನವಾಯಿತು. ಸೂಟಿನವರಿಗೆ ಆ ಟವೆಲ್ಲಿನ ಕಷ್ಟವಿಲ್ಲ, ಅಷ್ಟೇ ವ್ಯತ್ಯಾಸ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಆಗ ನಮ್ಮ ಕಡೆಯವರು ಅಮೆರಿಕ ನೋಡಿ ಬರುವುದೆಂದರೆ ಪುಸ್ತಕ ಬರೆಯುವಂಥ ಸಂಗತಿ. ಈಗ ಹಾಸನ ಸೀಮೆಯ ಸಣ್ಣ ಸಣ್ಣ ಊರುಗಳಲ್ಲೂ ಮಕ್ಕಳ ಮನೆಗೆಂದು ಹೋಗಿ, ಆರು ತಿಂಗಳಿದ್ದು, ಚಳಿಗೆ ಬೈದುಕೊಂಡು ವಾಪಸು ಬಂದ ಅಪ್ಪ ಅಮ್ಮಂದಿರು ಸಿಗುತ್ತಾರೆ. ಹೋದವರನ್ನು ಮಕ್ಕಳು ಒಂದು ಕ್ರೂಸಿಗೂ ಕರೆದುಕೊಂಡು ಹೋಗಿರುತ್ತಾರೆ. ಸಾಮಾನು ಒಂದೇ ಕಡೆ ಇರುತ್ತದೆ, ಮಲಗಿದ್ದಲ್ಲೇ ಊರು ಬದಲಾಗುತ್ತದೆ, ವಯಸ್ಸಾದವರಿಗೆ ಅನುಕೂಲ ಎನ್ನುವುದು ಅವರ ಲೆಕ್ಕ.

ನನ್ನ ತಮ್ಮ ಸಿಯಾಟಲ್‌ನಲ್ಲಿದ್ದಾನೆ. ಅವ್ವನನ್ನೂ ನನ್ನನ್ನೂ ಕರೆಸಿಕೊಂಡು ಒಂದು ಆಗಸ್ಟಿನಲ್ಲಿ ಏಳು ದಿನದ ಅಲಾಸ್ಕಾ ಕ್ರೂಸಿಗೆ ಹೊರಡಿಸಿದ. ಅವ್ವನಿಗೆ ಎಪ್ಪತ್ತೆರಡು ವರ್ಷ. ರಾಮನಾಥಪುರದ ಕಡೆ ನಮ್ಮದು ಹೊಗೆಸೊಪ್ಪಿನ ಬೇಸಾಯ. ಎಲೆ ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಸೊಪ್ಪು ಕಟ್ಟುವ ಆಳುಗಳಿಗೆ, ಬೆಂಕಿ ನೋಡುವ ಅಪ್ಪನಿಗೆ, ನಮಗೆ, ಬಂದ ನೆಂಟರಿಗೆ ಬಡಿಸಿ, ಕೊನೆಗೆ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದವಳು ಅವ್ವ. ಅಷ್ಟು ಹೊತ್ತಿಗೆ ಮುದ್ದೆ ತಣ್ಣಗಾಗಿರುತ್ತಿತ್ತು, ಸಾರಿನಲ್ಲಿ ಕಾಳು ಉಳಿದಿರುತ್ತಿರಲಿಲ್ಲ. ಈಗ ಎರಡೂ ಮಂಡಿ ಸವೆದಿವೆ.

“ಇಷ್ಟು ದುಡ್ಡು ಯಾಕೆ ಸುರಿಯುತ್ತೀಯ?” ಎಂದು ನಾನು ಕೇಳಿದಾಗ ತಮ್ಮ ಹೇಳಿದ್ದು ಒಂದೇ ಮಾತು. “ಅವ್ವ ಮೊದಲು ಉಂಡಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ ಕಣಕ್ಕ. ಒಂದು ವಾರನಾದ್ರೂ ನೋಡ್ಬೇಕು.”

ಅವ್ವನಿಗೆ ಸೂಟ್ ಎಂದರೆ ಮದುವೆ ಗಂಡು ಆರತಕ್ಷತೆಗೆ ಹಾಕಿಕೊಳ್ಳುವುದು. “ರೂಮಿಗೂ ಸೂಟು ಹೊಲಿಸ್ತಾರಾ?” ಎಂದು ನಕ್ಕಳು. ಎರಡು ಸೂಟ್ ತೆಗೆಯುವ ತಾಕತ್ತು ತಮ್ಮನಿಗೂ ಇರಲಿಲ್ಲ. ಹಾಗಾಗಿ ಅವ್ವನಿಗೂ ನನಗೂ ಮೇಲಿನ ಅಂತಸ್ತಿನ ಸೂಟು. ತಮ್ಮ, ಅವನ ಹೆಂಡತಿ, ಎಂಟು ವರ್ಷದ ಮಗ, ಈ ಮೂವರಿಗೆ ನಾಲ್ಕು ಅಂತಸ್ತು ಕೆಳಗೆ ಕಿಟಕಿಯಿಲ್ಲದ ಒಳಕೋಣೆ. ಸೂಟಿನ ಸವಲತ್ತು ಸೂಟಿನ ಕಾರ್ಡು ಇದ್ದವರಿಗೆ ಮಾತ್ರ.

ಹಡಗುಗಳಲ್ಲಿ ಈ ವಿಂಗಡಣೆ ಬಹಳ ಹಳೆಯದು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಮಾಧೋ ಸಿಂಗ್ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು, ಆಳೆತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. 1912ರ ಟೈಟಾನಿಕ್‌ನ ಅತಿ ದುಬಾರಿ ಸೂಟುಗಳಿಗೆ ಅಡ್ಡಾಡಲು ಸ್ವಂತ ಮೊಗಸಾಲೆ ಇತ್ತು. ಮೂರನೇ ದರ್ಜೆಯ ಏಳುನೂರು ಜನಕ್ಕೆ ಇದ್ದದ್ದು ಎರಡೇ ಬಾತ್‌ಟಬ್ಬು. ಹಡಗು ಮುಳುಗಿದಾಗ ಮೊದಲ ದರ್ಜೆಯವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಉಳಿದರು, ಮೂರನೇ ದರ್ಜೆಯವರಲ್ಲಿ 25ರಷ್ಟು. ಅದೇ ಕಾಲದಲ್ಲಿ ನ್ಯೂಯಾರ್ಕಿಗೆ ಬಂದ ಹಡಗುಗಳಲ್ಲಿ ಮೇಲಿನ ಎರಡು ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಕೆಳದರ್ಜೆಯವರನ್ನು ಮಾತ್ರ ದೋಣಿಯಲ್ಲಿ ಎಲ್ಲಿಸ್ ದ್ವೀಪಕ್ಕೆ ಒಯ್ದು, ಸಾಲಿನಲ್ಲಿ ನಿಲ್ಲಿಸಿ, ಕಣ್ಣು ಬಿಡಿಸಿ ನೋಡುತ್ತಿದ್ದರು. ಮೊದಲು ಇಳಿಯುವ ಇವತ್ತಿನ ಸವಲತ್ತಿಗೆ ಅದೇ ಮೂಲಪುರುಷ.

ವಿಮಾನ ಬಂದು, ಹಡಗು ವಿಹಾರಕ್ಕೆ ಮಾತ್ರ ಉಳಿದ ಮೇಲೆ ಈ ಗೋಡೆಗಳು ಬಹುಮಟ್ಟಿಗೆ ಬಿದ್ದವು. ಕೋಣೆ ಚಿಕ್ಕದಿರಲಿ ದೊಡ್ಡದಿರಲಿ, ಡೆಕ್ಕು ಎಲ್ಲರದ್ದು, ಊಟದ ಮನೆ ಎಲ್ಲರದ್ದು. ಈಚೆಗೆ ಗೋಡೆ ವಾಪಸು ಬಂದಿದೆ. 2008ರಲ್ಲಿ ಎಂಎಸ್‌ಸಿ ಕಂಪನಿ ತನ್ನ ಫ್ಯಾಂಟಾಸಿಯಾ ಹಡಗಿನಲ್ಲಿ ‘ಯಾಟ್ ಕ್ಲಬ್’ ಎಂಬ ಬೇರೆಯೇ ಭಾಗ ಮಾಡಿತು. ನಾರ್ವೀಜಿಯನ್ ಕಂಪನಿಯ ‘ಹೇವನ್’ ಎಂಬ ಭಾಗಕ್ಕೆ ಕಾರ್ಡು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ರಾಯಲ್ ಕೆರಿಬಿಯನ್ 2016ರಲ್ಲಿ ಸೂಟುಗಳೊಳಗೇ ಸೀ, ಸ್ಕೈ, ಸ್ಟಾರ್ ಎಂದು ಮೂರು ದರ್ಜೆ ಮಾಡಿತು. ಕುನಾರ್ಡ್ ಹಡಗುಗಳಲ್ಲಂತೂ ನೀವು ಎಲ್ಲಿ ಉಣ್ಣಬೇಕೆಂದು ನಿಮ್ಮ ಕೋಣೆಯೇ ತೀರ್ಮಾನಿಸುತ್ತದೆ. ಪಂಕ್ತಿಭೇದ ನೋಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ದಿನ ಸಿಯಾಟಲ್ ಬಂದರಿನಲ್ಲಿ ಜನದ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ನಮ್ಮಿಬ್ಬರನ್ನು ಬೇರೆ ಕರೆದು, ಸೋಫಾದಲ್ಲಿ ಕೂರಿಸಿ, ಹಣ್ಣಿನ ರಸ ಕೊಟ್ಟು, ಹತ್ತು ನಿಮಿಷದಲ್ಲಿ ಹಡಗಿನೊಳಗೆ ಬಿಟ್ಟರು. ಅವ್ವ ತಿರುತಿರುಗಿ ಆ ಸಾಲಿನಲ್ಲಿ ಮೊಮ್ಮಗನ ಕೆಂಪು ಟೋಪಿ ಹುಡುಕುತ್ತಿದ್ದಳು. ಆದರೂ ಆ ಹತ್ತು ನಿಮಿಷದ ಬೆಲೆ ದೊಡ್ಡದು. ಒಂದೂವರೆ ಗಂಟೆ ನಿಂತಿದ್ದರೆ ಅವಳ ಮಂಡಿ ಮೂರು ದಿನ ಮಾತು ಕೇಳುತ್ತಿರಲಿಲ್ಲ. ಕೋಣೆಯ ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಸರಳು, ಕೂತು ಸ್ನಾನ ಮಾಡಲು ಪೀಠ. ಒಳಕೋಣೆಯಲ್ಲಿ ತಮ್ಮನ ಹೆಂಡತಿ ಮೊಣಕೈ ತಾಗಿಸಿಕೊಂಡು ಸ್ನಾನ ಮಾಡುತ್ತಿದ್ದಳಂತೆ. “ಇದೊಂದು ಪಸಂದಾಗೈತೆ” ಎಂದು ಅವ್ವ ಮೊದಲು ಒಪ್ಪಿದ್ದು ಆ ಪೀಠವನ್ನು.

ಒಪ್ಪದೆ ಇದ್ದದ್ದು ಬಟ್ಲರನನ್ನು. ಆತ ಫಿಲಿಪ್ಪೀನ್ಸಿನ ಹುಡುಗ, ಮೂವತ್ತರ ಆಸುಪಾಸು. ಪೆಟ್ಟಿಗೆ ತೆರೆದು ಬಟ್ಟೆ ಜೋಡಿಸಿಡಲೇ ಎಂದು ಕೇಳಿದಾಗ ಅವ್ವ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಬ್ಯಾಡ ಬ್ಯಾಡ ಎಂದಳು. ಅವನು ತಂದ ಕಾಫಿಯ ಲೋಟವನ್ನು ತಾನೇ ತೊಳೆದು ಇಟ್ಟಳು. ಎರಡನೇ ದಿನ ರಾತ್ರಿ ಹತ್ತಕ್ಕೆ ಅವನು ಬಿಸಿನೀರು ತಂದಾಗ ಅವ್ವ ನನ್ನ ಕಡೆ ತಿರುಗಿ, “ಕೇಳವ್ವ, ಇವ್ನು ಉಂಡ್ನಾ?” ಎಂದಳು. ಕೇಳಿದೆ. ಕೆಲಸ ಮುಗಿಸಿ ಹನ್ನೊಂದಕ್ಕೆ ಕೆಳಗಿನ ಸಿಬ್ಬಂದಿಯ ಮೆಸ್ಸಿನಲ್ಲಿ ಉಣ್ಣುತ್ತೇನೆ, ಅಲ್ಲಿ ಅನ್ನ ಯಾವಾಗಲೂ ಇರುತ್ತದೆ ಎಂದ. ಒಂಬತ್ತು ತಿಂಗಳ ಕರಾರು, ಊರಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು ಎಂದ. ಅವ್ವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮರುದಿನದಿಂದ ರಾತ್ರಿ ಒಂಬತ್ತಾದ ಮೇಲೆ ನಮ್ಮ ಕೋಣೆಯಿಂದ ಅವನಿಗೆ ಕರೆ ಹೋಗಲಿಲ್ಲ. ಬಿಸಿನೀರನ್ನು ಕಾಫಿ ಯಂತ್ರದಲ್ಲೇ ಕಾಯಿಸಿಕೊಳ್ಳುವುದನ್ನು ಅವ್ವ ಕಲಿತುಕೊಂಡಳು.

ನಿಜವಾದ ತಕರಾರು ಶುರುವಾದದ್ದು ಊಟದಲ್ಲಿ. ಸೂಟಿನವರ ರೆಸ್ಟೋರೆಂಟು ಸಣ್ಣದು, ಸದ್ದಿಲ್ಲ, ಬಿಳಿಯ ಮೇಜುವಸ್ತ್ರ. ಹಿಂದಿನ ದಿನ ಹೇಳಿದ್ದರೆ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಿದ್ದರು. ಅವ್ವನಿಗೆ ಬಡಿಸಿ, ಅವಳು ಮೊದಲ ತುತ್ತು ಬಾಯಿಗಿಡುವವರೆಗೂ ಒಬ್ಬರು ಪಕ್ಕದಲ್ಲಿ ನಿಂತಿರುತ್ತಿದ್ದರು. ತಮ್ಮ ಬಯಸಿದ್ದು ಇದನ್ನೇ. ನೋಡಲು ಮಾತ್ರ ಅವನು ಅಲ್ಲಿರಲಿಲ್ಲ. ಅವನ ಕಾರ್ಡಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅವರು ಮೂವರೂ ಮೇಲಿನ ಬಫೆಯಲ್ಲಿ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದರು. “ನಮಗೆ ಅಭ್ಯಾಸ ಇದೆ, ನೀವು ಆರಾಮಾಗಿ ಉಣ್ಣಿ” ಎಂದು ಫೋನಿನಲ್ಲಿ ಹೇಳುತ್ತಿದ್ದ. ಆ ಮಾತು ಎಲ್ಲಿ ಕೇಳಿದ್ದು ಎಂದು ಯೋಚಿಸಿದೆ. ನಲವತ್ತು ವರ್ಷ ಒಲೆಯ ಪಕ್ಕದಿಂದ ಅವ್ವ ಹೇಳಿದ ಮಾತು ಅದು. ಅವ್ವನನ್ನು ಮೊದಲ ಪಂಕ್ತಿಗೆ ಕೂರಿಸುವ ಹಟದಲ್ಲಿ ಮಗ ಕೊನೆಯ ಪಂಕ್ತಿಗೆ ಹೋಗಿ ಕೂತಿದ್ದ.

ಮೂರನೇ ದಿನ ಅವ್ವ ಅಲ್ಲಿ ಉಣ್ಣಲು ಬರಲಿಲ್ಲ. ಲಿಫ್ಟು ಹತ್ತಿ ಬಫೆಗೆ ಹೋದಳು. ಗದ್ದಲದ ನಡುವೆ ಮೊಮ್ಮಗನ ತಟ್ಟೆಯಿಂದ ಆಲೂಗಡ್ಡೆ ಎತ್ತಿಕೊಂಡು ತಿಂದಳು. ಪಕ್ಕದ ಮೇಜಿನಲ್ಲಿ ಮಕ್ಕಳ ಜೊತೆ ಬಂದಿದ್ದ ಗುಜರಾತಿ ಅಜ್ಜಿಯೊಬ್ಬರಿದ್ದರು. ಇವಳ ಕನ್ನಡ, ಅವರ ಗುಜರಾತಿ, ಮಂಡಿನೋವಿನ ವಿಷಯ ಪೂರ್ತಿ ಮಾತಾಡಿಕೊಂಡರು. ತಮ್ಮನ ಮುಖ ಮಾತ್ರ ಸಣ್ಣಗಾಯಿತು. “ಅಲ್ಲವ್ವ, ಅಷ್ಟು ದುಡ್ಡು ಕೊಟ್ಟು ಮಾಡ್ಸಿದ್ದು ಇಲ್ಲಿ ಬಂದು ನೂಕ್ಕೊಂಡು ತಿನ್ನಕ್ಕಾ?” ಎಂದ.

ಅವ್ವ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: “ಮೊದ್ಲು ಕೂರ್ಸು ಮಗ, ಬ್ಯಾಡ ಅನ್ನಲ್ಲ. ಒಬ್ಬಳನ್ನೇ ಕೂರಿಸಬ್ಯಾಡ.”

ಆಮೇಲೆ ಸೂಟು ನಮ್ಮ ಮನೆಯಾಯಿತು. ಕೋಣೆಗೆ ಯಾರು ಬಂದರೂ ಅಡ್ಡಿಯಿರಲಿಲ್ಲ. ಗ್ಲೇಸಿಯರ್ ಬೇ ನೋಡುವ ದಿನ ಬೆಳಗ್ಗೆಯೇ ಐದು ಜನವೂ ಬಾಲ್ಕನಿಯಲ್ಲಿ ಸೇರಿದೆವು. ಬಟ್ಲರ್ ಹುಡುಗ ಕೇಳದೆಯೇ ಇನ್ನಷ್ಟು ಕಂಬಳಿ, ಐದು ಲೋಟ ತಂದಿಟ್ಟ. ಆ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡು ಕ್ರೂಸ್ ಹಡಗಿಗೆ ಮಾತ್ರ ಬಿಡುತ್ತಾರೆ. ಉದ್ಯಾನದ ಅಧಿಕಾರಿಗಳೇ ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಮಾರ್ಜರಿ ಹಿಮನದಿಯ ಮುಖ ನೀರಿನಿಂದ ಸುಮಾರು 250 ಅಡಿ ಎತ್ತರ ನಿಂತಿದೆ. ನೋಡನೋಡುತ್ತ ಅದರಿಂದ ಮನೆಯಷ್ಟು ದೊಡ್ಡ ಹೆಂಟೆ ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಕಂಡ ಮೇಲೆ ಸದ್ದು ಬಂತು. ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ ಆ ಸದ್ದನ್ನು ಬಿಳಿ ಗುಡುಗು ಎನ್ನುತ್ತಾರಂತೆ. ಎರಡೂ ಬದಿಯವರಿಗೆ ಕಾಣಲಿ ಎಂದು ಹಡಗು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿತು. ಆ ಸುತ್ತಿನಲ್ಲಿ ಸೂಟಿನವರು, ಒಳಕೋಣೆಯವರು ಎಂಬ ಲೆಕ್ಕವಿರಲಿಲ್ಲ. ಆದರೆ ಮೂರು ಗಂಟೆ ಕುರ್ಚಿಯಲ್ಲಿ ಕಾಲು ಚಾಚಿ, ಶಾಲು ಹೊದ್ದು, ಮೊಮ್ಮಗನನ್ನು ಒತ್ತಿಕೊಂಡು ಅದನ್ನು ನೋಡಲು ಅವ್ವನಿಗೆ ಸಾಧ್ಯವಾದದ್ದು ಆ ಬಾಲ್ಕನಿಯಿಂದಲೇ. ಹಾಗಾಗಿ ಸೂಟಿನ ದುಡ್ಡು ದಂಡ ಎಂದು ನಾನು ಹೇಳಲಾರೆ.

ಊರಿಗೆ ಬಂದ ಮೇಲೆ ಅಪ್ಪ ಅಮ್ಮನನ್ನು ಕಳಿಸಬೇಕೆಂದಿರುವ ಇಬ್ಬರು ಮೂವರು ಕೇಳಿದ್ದಾರೆ. ಅಮೆರಿಕಕ್ಕೇ ಹೋಗಬೇಕೆಂದಿಲ್ಲ. 1990ರಲ್ಲಿ ಕಟ್ಟಿದ ಎಂಪ್ರೆಸ್ ಎಂಬ ಹಡಗು 2021ರಿಂದ ಕಾರ್ಡೀಲಿಯಾ ಕಂಪನಿಯ ಹೆಸರಿನಲ್ಲಿ ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಓಡಾಡಿದೆ. ಅದರಲ್ಲೂ ಸೂಟುಗಳಿವೆ. ನಾನು ಹೇಳುವುದು ಇಷ್ಟು. ಕೂರಲು ಜಾಗ, ಜಾರದ ಸ್ನಾನದ ಮನೆ, ಲಿಫ್ಟಿಗೆ ಹತ್ತಿರದ ಕೋಣೆ, ಬಾಲ್ಕನಿ, ವಯಸ್ಸಾದವರಿಗೆ ಬೇಕಾದದ್ದು ಈ ನಾಲ್ಕು. ಸೂಟ್ ಇಲ್ಲದೆಯೂ ಇದರಲ್ಲಿ ಬಹಳಷ್ಟು ಸಿಗುತ್ತದೆ. ಬಂದರಿನಲ್ಲಿ ವೀಲ್‌ಚೇರ್ ಬೇಕೆಂದು ಮೊದಲೇ ತಿಳಿಸಿದರೆ ದೊಡ್ಡ ಕಂಪನಿಗಳು ಯಾವ ಕೋಣೆಯವರಿಗಾದರೂ ವ್ಯವಸ್ಥೆ ಮಾಡುತ್ತವೆ. ಕಾಲು ಆಡದವರಿಗೆಂದೇ ಕಟ್ಟಿದ ಕೋಣೆಗಳೂ ಇರುತ್ತವೆ. ಸೂಟ್ ತೆಗೆಯುವ ಶಕ್ತಿ ಇದ್ದರೆ ತೆಗೆಯಿರಿ. ಆದರೆ ಅದರ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳಿ.

ಆ ವರ್ಷ ನಾವು ವಾಪಸು ಬಂದ ತಿಂಗಳಿಗೆ ಪಿತೃಪಕ್ಷ ಬಂತು. ಅಪ್ಪನಿಗೆ ಎಡೆ ಇಟ್ಟಾಯಿತು, ನೆಂಟರೆಲ್ಲ ನಡುಮನೆಯಲ್ಲಿ ಎಲೆಯ ಮುಂದೆ ಕೂತರು. ಬಡಿಸಲು ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಚಿಕ್ಕಮ್ಮನನ್ನೂ ಸೊಸೆಯಂದಿರನ್ನೂ ಅವ್ವ ಕರೆದಳು. ಪಾತ್ರೆಗಳನ್ನೆಲ್ಲ ತಂದು ನಡುವೆ ಇಡಿ, ಬೇಕಾದವರು ಬೇಕಾದಷ್ಟು ಹಾಕ್ಕೊಳ್ಳಲಿ, ನೀವೂ ಎಲೆ ಹಾಕ್ಕೊಂಡು ಕೂತ್ಕೊಳಿ ಎಂದಳು. ಗಂಡಸರು ಮುಖ ಮುಖ ನೋಡಿಕೊಂಡರು. ಸಾರು ಒಂದೆರಡು ಕಡೆ ಚೆಲ್ಲಿತು. ಅವತ್ತು ಮುದ್ದೆ ಎಲ್ಲರಿಗೂ ಬಿಸಿಯಾಗಿತ್ತು.