ನಾಲ್ಕು ಗಂಟೆಯ ಟೀ

ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಬೀಳುವ ಹೊತ್ತು ಎಲ್ಲ ದೇಶದ ಗೃಹಸ್ಥರಿಗೂ ಒಂದು ಸಮಸ್ಯೆಯೇ ಸರಿ. ಬೆಳಗಿನ ಹುರುಪು ಅಡಗಿರುವುದು; ಸಂಜೆಯ ತಂಪು ಇನ್ನೂ ಬಂದಿರುವುದಿಲ್ಲ; ಹಸಿವೆಯೆನ್ನಲಾಗದ, ಹಸಿವೆಯಲ್ಲವೆನ್ನಲೂ ಆಗದ ಒಂದು ಬಗೆಯ ಬೇಸರವು ಹೊಟ್ಟೆಯಲ್ಲಿ ಹುಟ್ಟಿ ತಲೆಗೆ ಏರುವುದು. ನಮ್ಮ ಮೈಸೂರು ಸೀಮೆಯ ಮನೆಗಳು ಈ ಸಮಸ್ಯೆಯನ್ನು ಒಂದು ಲೋಟ ಕಾಫಿಯಿಂದಲೂ, ಅದರ ಜೊತೆಗೆ ಒಂದು ಹಿಡಿ ಹುರಿಗಾಳಿನಿಂದಲೋ ನಾಲ್ಕು ಕೋಡುಬಳೆಯಿಂದಲೋ ಬಗೆಹರಿಸಿಕೊಂಡಿವೆ. ಇಂಗ್ಲಿಷಿನವರು ಟೀಯಿಂದ ಬಗೆಹರಿಸಿಕೊಂಡರು. ಅಷ್ಟಕ್ಕೇ ಸುಮ್ಮನಾಗದೆ ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದರು.

ಆ ಶಾಸ್ತ್ರಕ್ಕೆ ಮೂಲಪುರುಷರಿಲ್ಲ, ಇರುವವರೆಲ್ಲ ಸ್ತ್ರೀಯರು. 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಕೈಹಿಡಿದು ಬಂದ ಪೋರ್ಚುಗಲ್ ದೇಶದ ರಾಜಪುತ್ರಿ ಕ್ಯಾಥರಿನ್ ತನ್ನ ತವರಿನ ಟೀ ಕುಡಿಯುವ ಅಭ್ಯಾಸವನ್ನು ಇಂಗ್ಲೆಂಡಿನ ಅರಮನೆಯಲ್ಲಿ ರೂಢಿಗೆ ತಂದಳು. ಬೊಂಬಾಯಿಯೂ ಅದೇ ಮದುವೆಯ ಬಳುವಳಿಯಾಗಿ ಇಂಗ್ಲಿಷರಿಗೆ ಸಂದಿತು. ಮುಂದೆ 1840ರ ಸುಮಾರಿನಲ್ಲಿ, ವಿಕ್ಟೋರಿಯಾ ರಾಣಿಯ ಸಖಿಯಾಗಿದ್ದ ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬಾಕೆಯು, ರಾತ್ರಿಯ ಊಟವು ಎಂಟು ಗಂಟೆಗೆ ಮುಂಚೆ ಒದಗದ ಆ ಕಾಲದಲ್ಲಿ, ನಡುವಿನ ಹೊತ್ತನ್ನು ಕಳೆಯಲಾರದೆ ತನ್ನ ಕೋಣೆಗೆ ಟೀಯನ್ನೂ ರೊಟ್ಟಿ ಬೆಣ್ಣೆಯನ್ನೂ ತರಿಸಿಕೊಂಡಳಂತೆ. ಆಮೇಲೆ ಗೆಳತಿಯರನ್ನೂ ಕರೆಯತೊಡಗಿದಳಂತೆ. ಅಪರಾಹ್ನದ ಟೀಯ ಹುಟ್ಟು ಹೀಗೆಂದು ಪ್ರತೀತಿ. ಈಗ ಹೋಟೆಲಿನವರು ಗತ್ತಿಗಾಗಿ ಇದನ್ನು ‘ಹೈ ಟೀ’ ಎಂದು ಕರೆಯುವುದುಂಟು. ಆ ಹೆಸರಿನದು ನಿಜವಾಗಿ ಬೇರೆಯೇ. ಅದು ದಿನವೆಲ್ಲ ದುಡಿದು ಮನೆಗೆ ಬಂದ ಕೂಲಿಯವನು ಊಟದ ಮೇಜಿನ ಮುಂದೆ ಕುಳಿತು ಮಾಡುತ್ತಿದ್ದ ಸಂಜೆಯ ಊಟ. ದೊಡ್ಡವರ ತಿಂಡಿಗೆ ಬಡವರ ಊಟದ ಹೆಸರು ಬಂದು, ಅದೇ ದೊಡ್ಡಸ್ತಿಕೆಯೆನಿಸಿಕೊಂಡಿರುವುದು ಲೋಕದ ವಿಚಿತ್ರಗಳಲ್ಲೊಂದು.

ಇಷ್ಟೆಲ್ಲ ಪೀಠಿಕೆಗೆ ಕಾರಣವು ನಮ್ಮ ಅತ್ತಿಗೆಯವರು. ನಮ್ಮ ಅಣ್ಣನವರು ತೀರಿಕೊಂಡು ಹತ್ತು ವರ್ಷಗಳಾದುವು. ಅತ್ತಿಗೆಗೆ ಈಗ ಎಪ್ಪತ್ತಾರು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿರುವ ಅವರ ಮಗನು ತಾಯಿಯನ್ನು ತನ್ನಲ್ಲಿಗೇ ಕರೆಸಿಕೊಳ್ಳಲು ಎಲ್ಲ ಏರ್ಪಾಡನ್ನೂ ಮಾಡಿದ್ದನು. ಜೂನ್ ತಿಂಗಳಲ್ಲಿ ಪ್ರಯಾಣವೆಂದು ಗೊತ್ತಾಯಿತು. ಸೊಸೆ ಒಳ್ಳೆಯವಳು, ಮಗನ ಪ್ರೀತಿಗೂ ಕೊರತೆಯಿಲ್ಲ. ಆದರೂ ಅತ್ತಿಗೆಯವರ ಮುಖವು ದಿನದಿನಕ್ಕೆ ಬಾಡುತ್ತ ಬಂದಿತು. ಒಂದು ದಿನ ಅವರೇ ಹೇಳಿದರು: “ಏನಯ್ಯ, ಅಲ್ಲಿ ಪಾತ್ರೆ ತೊಳೆಯುವುದಕ್ಕೆ ಯಂತ್ರ, ಬಟ್ಟೆ ಒಗೆಯುವುದಕ್ಕೆ ಯಂತ್ರ, ಅಡಿಗೆ ವಾರಕ್ಕೊಮ್ಮೆ. ‘ಅಮ್ಮ, ನೀನು ಸುಮ್ಮನೆ ಕೂತಿರು’ ಎಂದು ಮಗ ಹೇಳುತ್ತಾನೆ. ಸುಮ್ಮನೆ ಕೂತಿರುವುದನ್ನು ನನಗೆ ಯಾರು ಕಲಿಸಿದ್ದಾರೆ?” ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊರಡುವ ಮುಂಚೆ ಅವರಿಗೆ ನಾಲ್ಕು ದಿನ ತಂಪಾದ ಊರನ್ನಾದರೂ ತೋರಿಸೋಣವೆಂದು, ನಾವೂ ನಮ್ಮ ಮನೆಯವರೂ, ಒಂಬತ್ತು ವರ್ಷದ ನಮ್ಮ ಮೊಮ್ಮಗಳೂ ಸೇರಿ, ಅವರನ್ನು ಕರೆದುಕೊಂಡು ಉದಕಮಂಡಲಕ್ಕೆ ಹೊರಟೆವು.

ಮೈಸೂರಿನವರಿಗೆ ಉದಕಮಂಡಲವು ಪರದೇಶವಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ ಎಂಬ ದೊರೆಯು 1820ರ ದಶಕದಲ್ಲಿ ಅಲ್ಲಿ ಕಲ್ಲಿನ ಮನೆಯನ್ನು ಕಟ್ಟಿಸಿ ಊರಿಗೆ ತಳಹದಿ ಹಾಕಿದನು; ಮದರಾಸಿನ ಸರ್ಕಾರವು ಬೇಸಿಗೆಯಲ್ಲಿ ಅಲ್ಲಿಗೆ ಬಿಡಾರ ಬದಲಿಸುತ್ತಿತ್ತು; ನಮ್ಮ ಮಹಾರಾಜರಿಗೂ ಅಲ್ಲಿ ಫರ್ನ್‌ಹಿಲ್ ಎಂಬ ಬೇಸಿಗೆಯ ಅರಮನೆಯಿತ್ತು. ಬೆಟ್ಟ ಹತ್ತುವ ವಾಹನಗಳು ಮುಂಗಡವಾಗಿ ಅನುಮತಿಪತ್ರ ಪಡೆಯಬೇಕೆಂಬ ನಿಯಮವು 2024ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಬಂದಿತು. ಅದನ್ನು ಪಡೆದುಕೊಂಡು ಗುಂಡ್ಲುಪೇಟೆ, ಬಂಡೀಪುರ, ಮುದುಮಲೆಗಳ ದಾರಿಯಾಗಿ ಗೂಡಲೂರನ್ನು ಸೇರಿದೆವು. ಅಲ್ಲಿಂದ ಮೇಲೆ ಬೆಟ್ಟದ ಮೈಯೆಲ್ಲ ಹಸುರು ಜಮಖಾನೆ ಹಾಸಿದಂತೆ ಟೀ ಗಿಡಗಳು. ನಡುವಟ್ಟವೆಂಬ ಊರನ್ನು ದಾಟುವಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀ ಕೈದಿಗಳನ್ನು ಅಲ್ಲಿ ಸೆರೆಯಿಟ್ಟು ಸಿಂಕೋನಾ ಮತ್ತು ಟೀ ತೋಟಗಳ ಕೆಲಸಕ್ಕೆ ಹಚ್ಚಿದ್ದ ಸಂಗತಿಯನ್ನು ಮೊಮ್ಮಗಳಿಗೆ ಹೇಳಿದೆವು. ಅತ್ತಿಗೆಯವರು ಕೇಳುತ್ತಿದ್ದರೆಂದು ನಮಗೆ ತಿಳಿದಿರಲಿಲ್ಲ. “ಪಾಪ, ಊರು ಬಿಟ್ಟು ಬಂದವರು. ಕೆಲಸವಾದರೂ ಇತ್ತಲ್ಲ” ಎಂದರು.

ನಾವು ಇಳಿದುಕೊಂಡ ಹೋಟೆಲಿನಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ಹುಲ್ಲುಹಾಸಿನ ಮೇಲೆ ಅಪರಾಹ್ನದ ಟೀಯನ್ನು ಕೊಡುವ ಪದ್ಧತಿಯಿತ್ತು. ನಾಲ್ವರಿಗೆ ಹೇಳಿದ ಬೆಲೆಯನ್ನು ಕೇಳಿ ನಮ್ಮ ಮನೆಯವರು, ಅದರಲ್ಲಿ ಎಷ್ಟು ತಿಂಗಳ ಕಾಫಿಪುಡಿ ಬರುವುದೆಂಬ ಲೆಕ್ಕವನ್ನು ಬೆರಳ ಮೇಲೆ ಎಣಿಸಿದರು. ಬಿಳಿಯ ಮೇಜುವಸ್ತ್ರ, ಪಿಂಗಾಣಿಯ ಬಟ್ಟಲುಗಳು, ಒಂದರ ಮೇಲೊಂದು ಮೂರು ಅಂತಸ್ತಿನ ತಟ್ಟೆಯ ಗೋಪುರ. ಕೆಳಗಿನ ತಟ್ಟೆಯಲ್ಲಿ ಸೌತೆಕಾಯಿ ಇಟ್ಟ ತೆಳ್ಳನೆಯ ಸ್ಯಾಂಡ್‌ವಿಚ್ಚುಗಳು, ನಡುವೆ ಸ್ಕೋನ್ ಎಂಬ ಬಿಲ್ಲೆಗಳು, ಮೇಲೆ ಸಿಹಿ. ಕೆಳಗಿನಿಂದ ಮೇಲಕ್ಕೆ ತಿನ್ನುತ್ತ ಹೋಗಬೇಕೆಂಬುದು ರೂಢಿ. ಸ್ಕೋನಿನ ಮೇಲೆ ಮೊದಲು ಕೆನೆಯೋ ಮೊದಲು ಜಾಮೋ ಎಂಬುದಕ್ಕೆ ಇಂಗ್ಲೆಂಡಿನ ಎರಡು ಸೀಮೆಗಳಲ್ಲಿ ಎರಡು ಪಂಥಗಳುಂಟು. ಡೆವನ್ನಿನವರು ಕೆನೆ ಬಳಿದು ಜಾಮನ್ನಿಡುವರು; ಕಾರ್ನ್‌ವಾಲಿನವರು ಜಾಮ್ ಬಳಿದು ಕೆನೆಯನ್ನಿಡುವರು. ನಮ್ಮಲ್ಲಿ ಮುದ್ರೆ ನಾಮಗಳಿಗೆ ನಡೆಯುವಷ್ಟೇ ವಾದ ಅಲ್ಲಿಯೂ ನಡೆಯುವುದು.

ಇಷ್ಟು ವೈಭವದ ನಡುವೆ ಬಂದ ಟೀ ಮಾತ್ರ ದಾರಕ್ಕೆ ಕಟ್ಟಿದ ಕಾಗದದ ಚೀಲ! ಸುತ್ತಲೂ ಟೀ ಗಿಡಗಳಿರುವ ಊರಿನಲ್ಲಿ, ಬಿಸಿನೀರಿನಲ್ಲಿ ಚೀಲವನ್ನು ಅದ್ದಿ ಕುಡಿಯುವ ಈ ಭಾಗ್ಯಕ್ಕೆ ಏನೆನ್ನಬೇಕೋ ತಿಳಿಯದೆ ನಾವು ಮುಖ ಮುಖ ನೋಡಿಕೊಂಡೆವು. ಬಡಿಸಲು ನಿಂತಿದ್ದ ಹುಡುಗನು ನಮ್ಮ ಮುಖವನ್ನು ಓದಿಕೊಂಡು, “ಎಲೆ ಟೀ ಬೇಕಾದರೆ ತರುತ್ತೇನೆ, ಸಾರ್” ಎಂದು ಹೋಗಿ, ತುಂಬಿದ ಟೀಪಾಟನ್ನು ತಂದನು. ತಿಂಡಿಯಲ್ಲಿ ಮೊಟ್ಟೆಯಿದೆಯೇ ಎಂದು ಅತ್ತಿಗೆ ಕೇಳಿದಾಗಲೂ ಮುಚ್ಚುಮರೆಯಿಲ್ಲದೆ, ಮೇಲಿನ ತಟ್ಟೆಯನ್ನು ತೋರಿಸಿ, “ಅದು ನಿಮಗೆ ಬೇಡಮ್ಮ” ಎಂದನು.

ಹುಡುಗನು ಬಟ್ಟಲಿಗೆ ಟೀ ಬಗ್ಗಿಸಲು ಬಾಗಿದ ಕೂಡಲೇ ಅತ್ತಿಗೆ ಎದ್ದು ನಿಂತರು! ಏಕೆಂದು ಕೇಳಿದರೆ ಅವರಿಗೇ ತಿಳಿಯದು. ಐವತ್ತು ವರ್ಷಗಳಿಂದ ಮೂರು ಗಂಟೆಗೆ ಫಿಲ್ಟರಿಗೆ ನೀರು ಹೊಯ್ದು, ನಾಲ್ಕು ಗಂಟೆಗೆ ಲೋಟಗಳನ್ನು ಸಾಲಾಗಿಟ್ಟು, ಯಾರಿಗೆ ಸಕ್ಕರೆ ಹೆಚ್ಚು, ಯಾರಿಗೆ ಬೆಲ್ಲ, ಯಾರಿಗೆ ಸ್ಟ್ರಾಂಗು ಎಂಬುದನ್ನು ಕೈಯೇ ನೆನಪಿಟ್ಟುಕೊಂಡಿದ್ದ ಹೆಂಗಸು ಅವರು. ಇನ್ನೊಬ್ಬರು ಬಡಿಸುವಾಗ ಕುಳಿತಿರುವುದು ಆ ಕೈಗೆ ಬಾರದು. ನಮ್ಮ ಮನೆಯವರು, “ಕೂತುಕೊಳ್ಳಿ ಅಕ್ಕ, ಅದು ಅವನ ಕೆಲಸ” ಎಂದರು. ಅತ್ತಿಗೆ ಕುಳಿತರು, ಆದರೆ ಅವರ ಕಣ್ಣು ತುಂಬಿದ್ದನ್ನು ನಾವೆಲ್ಲರೂ ಕಂಡೆವು. ಟೆಕ್ಸಾಸಿನ ಮನೆಯ ನಾಲ್ಕು ಗಂಟೆಯು ಅವರ ಕಣ್ಣ ಮುಂದೆ ಸುಳಿದಿರಬೇಕು.

ಆಗ ನಮಗೆ ಇಂಗ್ಲಿಷರ ಒಂದು ಮಾತು ನೆನಪಿಗೆ ಬಂದಿತು. ಅವರ ಮನೆಗಳಲ್ಲಿ ಟೀಪಾಟು ಮೇಜಿನ ಮೇಲೆ ಬಂದಾಗ, ಬಗ್ಗಿಸಿಕೊಡಲು ಮುಂದಾಗುವವರು ‘ನಾನು ತಾಯಿಯಾಗಲೇ?’ ಎಂದು ಕೇಳುವ ವಾಡಿಕೆಯಿದೆ. ಕೇಳುವವನು ಗಡ್ಡದ ಗಂಡಸಾದರೂ ಮಾತು ಅದೇ. ಆಳುಗಳಿರುವ ಮನೆಯಲ್ಲಿಯೂ ಟೀಯನ್ನು ಬಗ್ಗಿಸುವ ಕೆಲಸವನ್ನು ಮನೆಯೊಡತಿಯು ಆಳಿಗೆ ಬಿಟ್ಟುಕೊಡುತ್ತಿರಲಿಲ್ಲ. ಅದು ದುಡಿಮೆಯಲ್ಲ, ಅಧಿಕಾರ. ಇದನ್ನು ಅತ್ತಿಗೆಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಆ ದೊರೆಸಾನಿಯರೂ ಸುಮ್ಮನೆ ಕೂತಿರುತ್ತಿರಲಿಲ್ಲ ಅನ್ನು” ಎಂದರು. ಹುಡುಗನು ನಕ್ಕು, ಟೀಪಾಟನ್ನು ಅವರ ಮುಂದಕ್ಕೆ ಸರಿಸಿ, ಅದರ ಹಿಡಿಯನ್ನು ಅವರ ಬಲಗೈ ಕಡೆಗೆ ತಿರುಗಿಸಿಟ್ಟು ಹಿಂದಕ್ಕೆ ಸರಿದನು. ಅತ್ತಿಗೆ ನಾಲ್ಕು ಬಟ್ಟಲುಗಳಿಗೂ ಬಗ್ಗಿಸಿದರು. ಒಂದು ತೊಟ್ಟೂ ಸಾಸರಿಗೆ ಬೀಳಲಿಲ್ಲ. ಟೀ ಹೊಂಬಣ್ಣಕ್ಕಿದ್ದು ನವುರಾದ ಪರಿಮಳದಿಂದ ಕೂಡಿತ್ತು, ಹಾಲು ಬೇಕೆನಿಸಲಿಲ್ಲ.

ಆ ಹುಡುಗನು ಜೊತೆಯವನೊಡನೆ ಆಡುತ್ತಿದ್ದ ಮಾತು ಅತ್ತಿಗೆಯ ಕಿವಿಗೆ ಅರ್ಧ ತಿಳಿದು ಅರ್ಧ ತಿಳಿಯದೆ ಹೋಗುತ್ತಿತ್ತು. “ಏನಪ್ಪ, ನೀನು ನಮ್ಮ ಕಡೆಯವನೇ?” ಎಂದು ವಿಚಾರಿಸಿದರು. “ಇಲ್ಲಮ್ಮ, ನಾನು ಬಡಗ. ಕೋಟಗಿರಿಯ ಹತ್ತಿರ ನಮ್ಮ ಹಟ್ಟಿ” ಎಂದನು. ಬಡಗರೆಂದರೆ ಬಡಗು ದಿಕ್ಕಿನವರು. ಹಲವು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂದು ಹೇಳಿಕೆ. ಅವರ ನುಡಿಯು ಕನ್ನಡಕ್ಕೆ ತೀರ ಹತ್ತಿರದ ಬಂಧು. ಊರಿಗೆ ಹಟ್ಟಿಯೆನ್ನುವರು, ತಮ್ಮ ಕುಲದ ಮೂಲ ತಾಯಿಯನ್ನು ಹೆತ್ತೆಯೆಂದು ಪೂಜಿಸುವರು. ಊರು ಬಿಟ್ಟು ಬಂದು ಅಷ್ಟು ಕಾಲವಾದರೂ ಮಾತು ಉಳಿದಿದೆಯಲ್ಲ ಎಂದು ಅತ್ತಿಗೆ ಅಚ್ಚರಿಪಟ್ಟರು. ಅವರ ಮನಸ್ಸಿಗೆ ಅದರಿಂದ ಏನೋ ಧೈರ್ಯ ಬಂದಂತೆ ತೋರಿತು.

ಹುಡುಗನ ಮನೆಯವರಿಗೂ ಸಣ್ಣದೊಂದು ಟೀ ತೋಟವಿತ್ತು. ತಾಯಿಯೇ ಎಲೆ ಕೀಳುವಳಂತೆ. ಒಂದು ಮೊಗ್ಗು, ಅದರ ಕೆಳಗಿನ ಎರಡು ಎಲೆ. ಅಷ್ಟನ್ನೇ ಬೆರಳ ತುದಿಯಿಂದ ಚಿವುಟಬೇಕು. ಕಿತ್ತ ಎಲೆಯನ್ನು ಅಂದೇ ಕಾರ್ಖಾನೆಗೆ ಒಪ್ಪಿಸಬೇಕು. ಅಲ್ಲಿ ಅದನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು ಕಂದಿಸಿ, ಬಿಸಿಯಲ್ಲಿ ಒಣಗಿಸಿ, ಜರಡಿ ಹಿಡಿಯುವರು. ನಾಲ್ಕೈದು ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀ. ಹಸಿ ಎಲೆಯ ಬೆಲೆ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ. ಆದ್ದರಿಂದಲೇ ತಾನು ಹೋಟೆಲು ಸೇರಿದೆನೆಂದು ಅವನು ಹೇಳಿದನು. “ನಿಮ್ಮ ತಾಯಿಗೆ ನಾಲ್ಕು ಗಂಟೆಗೆ ಟೀ ಮಾಡಿಕೊಡುವವರು ಯಾರಪ್ಪ?” ಎಂದು ಅತ್ತಿಗೆ ಕೇಳಿದರು. ಅವನು, “ಬೆಳಿಗ್ಗೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುತ್ತಾರಮ್ಮ. ಸೋಮವಾರ ನನಗೆ ರಜಾ, ಅವತ್ತು ನಾನು ಮಾಡಿಕೊಡುತ್ತೇನೆ” ಎಂದನು. ಅತ್ತಿಗೆ ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ತಮ್ಮ ಪಾಲಿನ ಸ್ಕೋನಿನಲ್ಲಿ ಅರ್ಧವನ್ನು ಮೊಮ್ಮಗಳಿಗೆ ಕೊಟ್ಟು, ಎರಡನೆಯ ಬಟ್ಟಲನ್ನು ತಾವಾಗಿಯೇ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ಇತರರ ಲೋಟವನ್ನು ನೋಡದೆ ತಮ್ಮ ಲೋಟವನ್ನೇ ನೋಡಿಕೊಂಡು ಕುಡಿದ ಅತ್ತಿಗೆಯನ್ನು ನಾವು ಕಂಡದ್ದು ಅದೇ ಮೊದಲು.

ವಿಶ್ರಾಂತಿಯೆಂದರೆ ಏನೂ ಮಾಡದಿರುವುದೆಂದು ಮಕ್ಕಳು ಭಾವಿಸುವರು. ಮುಪ್ಪಾದ ತಾಯಿಯನ್ನು ಪ್ರೀತಿಯಿಂದ ಕುರ್ಚಿಯಲ್ಲಿ ಕೂರಿಸಿ, ಆಕೆಯ ಕೈಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುವರು. ಭಾರವನ್ನು ಇಳಿಸಿಕೊಳ್ಳುವುದು ಬೇರೆ, ಸ್ಥಾನವನ್ನು ಕಿತ್ತುಕೊಳ್ಳುವುದು ಬೇರೆ. ಹತ್ತು ಜನರ ಅಡಿಗೆಯ ಹೊರೆಯು ಎಪ್ಪತ್ತಾರರ ಮೊಣಕಾಲಿಗೆ ತಕ್ಕುದಲ್ಲ, ನಿಜ. ಆದರೆ ಒಂದು ಪಾತ್ರೆಯ ಹಿಡಿ ಆಕೆಯ ಕಡೆಗೆ ತಿರುಗಿರಬೇಕು. ಹೋಟೆಲಿನ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮವಾರಗಳಂದು ತನ್ನ ತಾಯಿಗೆ ಟೀ ಮಾಡಿಕೊಡುವವನಿಗೆ ಅದು ತಾನಾಗಿ ತಿಳಿದಿತ್ತು.

ಬಾಚಿ ಕಟ್ಟಿದ ಸಾಮಾನಿನ ನಡುವೆ, ಕೋಟಗಿರಿಯ ಎಲೆ ಟೀ ಒಂದು ಪೊಟ್ಟಣವೂ ನಮ್ಮ ಮನೆಯ ಹಿತ್ತಾಳೆಯ ಫಿಲ್ಟರೂ ಜೂನ್ ತಿಂಗಳಲ್ಲಿ ಸಮುದ್ರ ದಾಟಿದುವು. ಹೊರಡುವ ಮುಂಚೆ ಅತ್ತಿಗೆ ಸೊಸೆಯೊಡನೆ ದೂರವಾಣಿಯಲ್ಲಿ ಒಂದು ಕರಾರು ಮಾಡಿಕೊಂಡರು: ಬೆಳಗಿನ ಕಾಫಿ, ರಾತ್ರಿಯ ಊಟ ಎಲ್ಲವೂ ಸೊಸೆಯ ಇಷ್ಟ, ನಾಲ್ಕು ಗಂಟೆಯದು ಮಾತ್ರ ತಮ್ಮದು, ಆ ಹೊತ್ತಿಗೆ ಯಾರೂ ಬಾಯಿ ಹಾಕಕೂಡದು. ಸೊಸೆಯು ಸಂತೋಷದಿಂದ ಒಪ್ಪಿದಳಂತೆ. ಈಚೆಗೆ ಅವಳು ಬರೆದ ಓಲೆಯಲ್ಲಿ, ಪಕ್ಕದ ಮನೆಯ ಮೆಕ್ಸಿಕೋ ದೇಶದ ಮುದುಕಿಯೊಬ್ಬಳು ದಿನವೂ ಆ ಹೊತ್ತಿಗೆ ಬಂದು ಕೂರುವಳೆಂದೂ, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಗಂಟೆಗಟ್ಟಲೆ ಮಾತನಾಡುವರೆಂದೂ, ಆಕೆಗೆ ಸಕ್ಕರೆ ಎರಡು ಚಮಚವೆಂಬುದನ್ನು ಅತ್ತೆಯವರು ಮೂರನೆಯ ದಿನವೇ ಕಂಡುಕೊಂಡರೆಂದೂ ತಿಳಿಸಿದ್ದಾಳೆ.