ಕೀಲಿಕೈ ಮತ್ತು ಚೆಂಡು

ಸುಗ್ಗಿಯ ಕೊಯ್ಲು ಮುಗಿದೊಡನೆ ನಮ್ಮ ಕಾಸರಗೋಡಿನ ಗದ್ದೆಗಳೆಲ್ಲ ಕಾಲ್ಚೆಂಡಿನ ಬಯಲುಗಳಾಗುವುದನ್ನು ಓದುಗರು ಬಲ್ಲರು. ನಾನು ಮುಖ್ಯೋಪಾಧ್ಯಾಯನಾಗಿರುವ ಶಾಲೆಗೆ ಮಾತ್ರ ತನ್ನದೇ ಆದ ಅಂಗಳವುಂಟು. ಚೆಂಡೂ ಉಂಟು. ಅದು ಕಚೇರಿಯ ಕಪಾಟಿನೊಳಗೆ. ಕಪಾಟಿನ ಕೀಲಿಕೈ ನನ್ನ ಜೇಬಿನೊಳಗೆ.

ಶಿಕ್ಷಕ ತರಬೇತಿಯಲ್ಲಿ ನಾನು ಕಲಿತ ಮೊದಲ ಪಾಠ ಶಿಸ್ತು. ಆದ ಕಾರಣ ಸಂಜೆಯ ಆಟಕ್ಕೂ ಎರಡು ನಿಯಮಗಳನ್ನು ವಿಧಿಸಿದ್ದೆ: ಮನೆಪಾಠ ಮುಗಿಸಿದವರಿಗೇ ಆಟ, ಅದೂ ನನ್ನ ಸಮಕ್ಷಮದಲ್ಲಿಯೇ. ಸಭೆಗೆಂದು ನಾನು ಊರು ಬಿಟ್ಟ ದಿನ ಕೀಲಿಕೈಯೂ ನನ್ನೊಡನೆ ಪ್ರಯಾಣ ಮಾಡುತ್ತಿತ್ತು. ಒಂದು ಸಂಜೆ ಅಂಗಳ ಬರಿದಾಗಿತ್ತು. ಮರುದಿನವೂ ಯಾರೂ ಬರಲಿಲ್ಲ. ತೋಡಿನಾಚೆಯ ಗದ್ದೆಯಿಂದ ಕೂಗು ಕೇಳಿಸಿತು. ಮಕ್ಕಳು ಚಿಲ್ಲರೆ ಕೂಡಿಸಿ ಚೆಂಡೊಂದನ್ನು ಕೊಂಡಿದ್ದರು! ಮೊದಲು ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಸಿಟ್ಟಿಗಿಂತ ಹೆಚ್ಚಾಗಿ ಅವಮಾನವೇ ಆಯಿತು.

ಆ ದಿನಗಳಲ್ಲೇ ಇಂಗ್ಲೆಂಡಿನ ಬೋಲ್ಟನ್ ಎಂಬ ಹತ್ತಿಗಿರಣಿಗಳ ಪಟ್ಟಣದ ಕ್ಲಬ್ಬೊಂದರ ಚರಿತ್ರೆಯನ್ನು ಓದುವ ಸಂದರ್ಭ ಒದಗಿತು. 1874ರಲ್ಲಿ ಅಲ್ಲಿನ ಕ್ರೈಸ್ಟ್ ಚರ್ಚ್ ಎಂಬ ಇಗರ್ಜಿಯ ಆಶ್ರಯದಲ್ಲಿ ಹವ್ಯಾಸಿ ತಂಡವೊಂದು ಹುಟ್ಟಿತು. ಅದಕ್ಕೆ ಕಾರಣರಾದವರು ಅಲ್ಲಿಯ ಪಾದ್ರಿ ಜೋಸೆಫ್ ಫ್ಯಾರಲ್ ರೈಟ್ ಮತ್ತು ಇಗರ್ಜಿಯ ಶಾಲೆಯ ಉಪಾಧ್ಯಾಯ ಥಾಮಸ್ ಆಗ್ಡೆನ್. ಒಬ್ಬ ಮೇಷ್ಟರ ಹೆಸರು ಕಂಡು ನನಗೆ ಹೆಮ್ಮೆಯೆನಿಸಿತು. ಆದರೆ ಮುಂದಿನ ಪುಟ ನನ್ನನ್ನು ತಡೆದು ನಿಲ್ಲಿಸಿತು. ಇಗರ್ಜಿಯ ಕಟ್ಟಡವನ್ನು ಬಳಸುವ ವಿಷಯದಲ್ಲಿ ಪಾದ್ರಿಗಳು ನಿಬಂಧನೆಗಳನ್ನು ಹಾಕಿದರಂತೆ. ಮನಸ್ತಾಪ ಬೆಳೆದು 1877ರಲ್ಲಿ ತರುಣರು ಹೊರನಡೆದರು. ನೆಲೆಯಾದ ಆಟದ ಬಯಲಿಲ್ಲದ ತಮಗೆ ‘ವಾಂಡರರ್ಸ್’, ಅಂದರೆ ಅಲೆಮಾರಿಗಳು, ಎಂದು ಹೆಸರಿಟ್ಟುಕೊಂಡರು.

ಆ ಅಲೆಮಾರಿಗಳೇ 1888ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಲೀಗನ್ನು ಸ್ಥಾಪಿಸಿದ 12 ಕ್ಲಬ್ಬುಗಳಲ್ಲಿ ಒಂದಾದರು. 1923ರಲ್ಲಿ ವೆಂಬ್ಲಿಯಲ್ಲಿ ನಡೆದ ಮೊತ್ತಮೊದಲ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 2–0ರಿಂದ ಸೋಲಿಸಿದರು. 1926, 1929 ಮತ್ತು 1958ರಲ್ಲಿಯೂ ಆ ಕಪ್ ಅವರದಾಯಿತು. ಆದರೆ ಭಾಗ್ಯವೆಂಬುದು ಏತದಂತೆ, ಏರಿದುದು ಇಳಿಯಲೇಬೇಕು. 1946ರಲ್ಲಿ ಅವರ ಬರ್ನ್ಡನ್ ಪಾರ್ಕ್ ಮೈದಾನದ ನೂಕುನುಗ್ಗಲಿನಲ್ಲಿ 33 ಮಂದಿ ಪ್ರಾಣ ತೆತ್ತರು. 1987ರಲ್ಲಿ ತಂಡ ನಾಲ್ಕನೆಯ ಶ್ರೇಣಿಗೆ ಕುಸಿಯಿತು. ಎದ್ದು ನಿಂತು 1995ರಲ್ಲಿ ಮೇಲಿನ ಶ್ರೇಣಿಗೆ ಮರಳಿತು. 2019ರಲ್ಲಿ ಸಾಲದ ಹೊರೆಯಿಂದ ಅಳಿವಿನ ಅಂಚಿಗೆ ಬಂದಿತು. ದಂಡವಾಗಿ 12 ಅಂಕಗಳನ್ನು ಕಳೆದುಕೊಂಡು ಋತುವನ್ನು ಆರಂಭಿಸಿದಾಗ ಕ್ಲಬ್ಬಿನ ಮಾನ ಕಾಯಲು ಕಣಕ್ಕಿಳಿದವರಲ್ಲಿ ಬಹುಮಂದಿ ಎಳೆಯ ಹುಡುಗರು. ಅವರು ಸೋಲಿನ ಮೇಲೆ ಸೋಲುಂಡರು, ಆದರೂ ಆಡಿದರು. 2020ರಲ್ಲಿ ಮತ್ತೆ ನಾಲ್ಕನೆಯ ಶ್ರೇಣಿಗೆ ಜಾರಿದ ತಂಡ 2021ರಲ್ಲಿಯೇ ಒಂದು ಮೆಟ್ಟಿಲು ಮೇಲೇರಿತು.

ಆ ಪಾದ್ರಿಗಳು ಕೆಟ್ಟವರೆಂದು ನಾನು ಹೇಳಲಾರೆ. ತಂಡಕ್ಕೆ ಜನ್ಮವಿತ್ತವರೇ ಅವರು. ಹುಟ್ಟಿಸಿದ್ದು ತಮ್ಮ ಕಣ್ಣಳತೆಯಲ್ಲಿಯೇ ಇರಬೇಕೆಂಬ ಆಸೆ ತಂದೆತಾಯಿಯರಿಗೂ ಇದೆ, ಮೇಷ್ಟರಿಗಂತೂ ಹೆಚ್ಚಾಗಿಯೇ ಇದೆ. ಆದರೆ ಮಕ್ಕಳಿಗೆ ನಾವು ಕೊಟ್ಟದ್ದು ಅವರದೇ ಆಗುವುದು, ನಾವು ಇಲ್ಲದಾಗಲೂ ಅದು ನಡೆದಾಗ ಮಾತ್ರ.

ಮರುದಿನ ಸಂಜೆ ತೋಡು ದಾಟಿ ಹೋದೆ. ಆಟ ನಿಂತಿತು. ಎಲ್ಲರೂ ತಲೆ ತಗ್ಗಿಸಿದರು. ಅವರಲ್ಲಿ ಹಿರಿಯನಾದವನು ಮೆಲ್ಲನೆ ಹೇಳಿದನು: “ಮಾಷ್ಟ್ರೇ, ನೀವು ಬಾರದ ದಿನವೂ ನಮಗೆ ಆಡಬೇಕಲ್ಲ?”

ಮೂವತ್ತು ವರ್ಷ ಪ್ರಶ್ನೆ ಕೇಳುತ್ತ ಬಂದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕೀಲಿಕೈಯನ್ನು ಅವನ ಕೈಯಲ್ಲಿಟ್ಟು ಗದ್ದೆಯ ಬದುವಿನ ಮೇಲೆ ಕುಳಿತೆ. ಆಟ ಮತ್ತೆ ಮೊದಲಾಯಿತು. ಕತ್ತಲಾಗುವವರೆಗೂ ನೋಡಿದೆ. ಮನೆಪಾಠದ ಮಾತನ್ನು ಎತ್ತಲಿಲ್ಲ. ಅದನ್ನು ಮಾತ್ರ ಬೆಳಿಗ್ಗೆ ತರಗತಿಯಲ್ಲಿ ಕೇಳಿದೆ.