ಕಂಡದ್ದೆಲ್ಲ ವರದಿಗಲ್ಲ

ಬೆಂಗಳೂರಿನ ಹೊರವರ್ತುಲ ರಸ್ತೆ, ಕಟ್ಟಡವೊಂದರ ನಾಲ್ಕನೇ ಮಹಡಿ. ಬೆಳಿಗ್ಗೆ ಹತ್ತೂವರೆ. ನಿಮ್ಮ ಮುಂದೆ ಎರಡು ಪರದೆ. ಪೀಣ್ಯದ ಕಾರ್ಖಾನೆಯೊಂದು ಹುಬ್ಬಳ್ಳಿಯ ತಾರಿಹಾಳದ ಬಿಡಿಭಾಗ ತಯಾರಕರಿಗೆ ದೊಡ್ಡ ಆರ್ಡರ್ ಕೊಡಲಿದೆ, ಅರ್ಧ ಹಣ ಮುಂಗಡ. ಅದಕ್ಕೂ ಮೊದಲು ಅವರ ಪೂರ್ವಾಪರ ನೀವು ಹೇಳಬೇಕು. ಗಡುವು ನಾಳೆ ಸಂಜೆ.

ಎಡ ಪರದೆಯಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್. ಕಂಪನಿಯ ಗುರುತು ಸಂಖ್ಯೆ, ಸಿಐಎನ್‌ನಲ್ಲಿ ಒಟ್ಟು 21 ಅಕ್ಷರ, ಅಂಕಿಗಳು. ರಾಜ್ಯದ ಸಂಕೇತ ‘ಕೆಎ’ ಆದಮೇಲೆ ಬರುವ ನಾಲ್ಕು ಅಂಕಿ ನೋಂದಣಿಯ ವರ್ಷ: 2019. ಬಲ ಪರದೆಯಲ್ಲಿ ಅವರದೇ ಫೇಸ್‌ಬುಕ್ ಪುಟ ‘25 ವರ್ಷಗಳ ನಂಬಿಕೆ’ ಎನ್ನುತ್ತಿದೆ.

ಜಿಎಸ್‌ಟಿ ದಾಖಲೆ ಈ ಗಂಟನ್ನು ಬಿಡಿಸಲಾರದು. ಆ ತೆರಿಗೆ ಜಾರಿಗೆ ಬಂದದ್ದೇ 2017ರ ಜುಲೈ 1ಕ್ಕೆ. ಪುಟ ಸರಿಸುತ್ತ ಹಳೆಯ ಫೋಟೊಗಳಿಗೆ ಇಳಿಯುತ್ತೀರಿ. 2014ರ ಆಯುಧಪೂಜೆ: ಲೇತ್ ಮೆಷಿನ್ನಿಗೆ ಚೆಂಡುಹೂವಿನ ಹಾರ, ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳ. ಹಿಂದಿನ ಬೋರ್ಡಿನಲ್ಲಿ ಇದೇ ಹೆಸರು, ‘ಪ್ರೈವೇಟ್ ಲಿಮಿಟೆಡ್’ ಮಾತ್ರ ಇಲ್ಲ. ಅಪ್ಪನ ವರ್ಕ್‌ಶಾಪನ್ನು ಮಗ ಆಮೇಲೆ ಕಂಪನಿ ಮಾಡಿರಬಹುದು. ‘ಸುಳ್ಳು’ ಎಂದು ಬರೆಯಹೊರಟವರು ಅಳಿಸಿ, ‘ಹಳೆಯ ಬಿಲ್ಲು ಕೇಳುವುದು’ ಎಂದು ಟಿಪ್ಪಣಿ ಹಾಕುತ್ತೀರಿ.

ಮುಂದಿನದು ಕಂಪ್ಯೂಟರ್ ಚಾಲಿತ ಎಂಟು ಸಿಎನ್‌ಸಿ ಮೆಷಿನ್‌ಗಳು ಸಾಲಾಗಿ ನಿಂತ ಫೋಟೊ. ಕೆಳಗೆ ‘ನಮ್ಮ ಹೊಸ ಘಟಕ’ ಎಂಬ ಬರಹ. ದೊಡ್ಡದು ಮಾಡಿ ನೋಡಿದರೆ ಗೋಡೆಯ ಎಚ್ಚರಿಕೆ ಫಲಕ ಚೀನೀ ಲಿಪಿಯಲ್ಲಿದೆ. ಗೂಗಲ್‌ನಲ್ಲಿ ಫೋಟೊ ಹಾಕಿ ಹುಡುಕುತ್ತೀರಿ. ಅದೇ ಚಿತ್ರ, ಅದೇ ಕೋನ, ಮೆಷಿನ್ ಮಾರುವವರೊಬ್ಬರ ಜಾಲತಾಣದಲ್ಲಿದೆ. ಕೂಡಲೇ ಸ್ಕ್ರೀನ್‌ಶಾಟ್. ಅದರ ಕೊಂಡಿ, ದಿನಾಂಕ, ಹೊತ್ತು ಎಲ್ಲ ದಾಖಲು. ನಾಳೆ ಅವರು ಪೋಸ್ಟ್ ಅಳಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಇಷ್ಟೇ.

ಈಗ ನಿರ್ದೇಶಕರ ಸರದಿ. ಪೋರ್ಟಲಿನಲ್ಲಿ ಅವರಿಗೆ ಎಂಟಂಕಿಯ ಗುರುತು ಸಂಖ್ಯೆ, ಡಿಐಎನ್ ಇದೆ, ಒಬ್ಬರಿಗೆ ಒಂದೇ. ಫೇಸ್‌ಬುಕ್ಕಿನಲ್ಲಾದರೋ ಅದೇ ಹೆಸರಿನವರು ಸಾಲುಸಾಲು. ಅವರಲ್ಲೊಬ್ಬ ಸಾಲಗಾರರಿಗೆ ಬಾಯಿಗೆ ಬಂದಂತೆ ಬೈದಿದ್ದಾನೆ. ಪಕ್ಕದ ಕುರ್ಚಿಯ ಹೊಸ ಹುಡುಗ ಹಿಗ್ಗುತ್ತಾನೆ, “ಮೇಡಂ, ಸಿಕ್ಕಿಬಿಟ್ಟ!”

ಟೀಮ್ ಲೀಡ್ ಬಾಗಿ ನೋಡುತ್ತಾರೆ. “ಇವನೇ ಅಂತ ಹೇಗೆ ಹೇಳ್ತೀಯಪ್ಪ? ಊರು ತಾಳೆ ಆಗುತ್ತಾ? ಕಂಪನಿ?”

ಆಗುವುದಿಲ್ಲ. ಬೈದವನು ಕಲಬುರಗಿಯ ಬಟ್ಟೆ ವ್ಯಾಪಾರಿ. ಸರಿಯಾದ ಖಾತೆ ಆಯುಧಪೂಜೆಯ ಫೋಟೊದಲ್ಲಿ ಟ್ಯಾಗ್ ಆದದ್ದು, ಅದಕ್ಕೆ ಬೀಗ. ಬೇರೆ ಹೆಸರಲ್ಲಿ ಫ್ರೆಂಡ್ ರಿಕ್ವೆಸ್ಟ್ ಕಳಿಸಿದರೆ ತೆರೆಯಬಹುದು. ಈ ಆಫೀಸಿನಲ್ಲಿ ಅದು ಕೆಲಸ ಕಳೆದುಕೊಳ್ಳುವ ತಪ್ಪು.

ಆದರೆ ನಿರ್ದೇಶಕರ ತಂಗಿಯ ಖಾತೆ ತೆರೆದೇ ಇದೆ. ಆಸ್ಪತ್ರೆಯ ಹಾಸಿಗೆ, ಡಯಾಲಿಸಿಸ್ ಯಂತ್ರ, ‘ಅಣ್ಣ ಬೇಗ ಹುಷಾರಾಗು’. ಹುಡುಗ ತಗ್ಗಿದ ದನಿಯಲ್ಲಿ ಕೇಳುತ್ತಾನೆ, “ಕ್ಲೈಂಟ್‌ಗೆ ಇದು ಗೊತ್ತಾಗ್ಬೇಕಲ್ವಾ ಮೇಡಂ? ಕಂಪನಿ ನಡೆಸೋರು ಅವರೊಬ್ಬರೇ.”

ಪ್ರಶ್ನೆ ದಡ್ಡತನದ್ದಲ್ಲ. ಲೀಡ್ ತುಸು ಹೊತ್ತು ಸುಮ್ಮನಿರುತ್ತಾರೆ. “ಹಾಕಿದ್ದು ಅವರಲ್ಲ, ತಂಗಿ. ವ್ಯಕ್ತಿ ತಾನೇ ಬಹಿರಂಗ ಮಾಡಿದ ಮಾಹಿತಿಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವಿನಾಯಿತಿ ಕೊಡುತ್ತೆ, ನೆಂಟರು ಹಾಕಿದ್ದಕ್ಕಲ್ಲ. ಅವರಿಲ್ಲದಾಗ ಸಹಿ ಯಾರದು, ಎರಡನೇ ನಿರ್ದೇಶಕರು ಯಾರು ಅಂತ ಎಲ್ಲ ಕಂಪನಿಗೂ ಕೇಳ್ತೀವಿ. ಇವರಿಗೂ ಅಷ್ಟೇ ಕೇಳು.”

ನೀವು ಆ ಟ್ಯಾಬ್ ಮುಚ್ಚುತ್ತೀರಿ. ಮಗಳ ಹುಟ್ಟುಹಬ್ಬ, ಪಕ್ಷದ ಬಾವುಟ, ಮಠದ ಜಾತ್ರೆ, ಯಾವುದೂ ಕಡತ ಸೇರುವುದಿಲ್ಲ. ವರದಿ ಓದಿ ತೀರ್ಮಾನ ಮಾಡುವವರ ಕಣ್ಣಿಗೆ ಅವು ಬೀಳಲೇಬಾರದು. ಬಿದ್ದಮೇಲೆ ಮನಸ್ಸಿನಿಂದ ತೆಗೆಯಲಾಗದು.

ಮರುದಿನ ಮಧ್ಯಾಹ್ನ ತಾರಿಹಾಳದಿಂದ ಫೀಲ್ಡ್‌ನವರ ಫೋನು. “ಸಿಎನ್‌ಸಿ ಎರಡೇ ಅದಾವ್ರೀ. ಮೂರನೇದಕ್ಕ ಅಡಿಪಾಯ ಹಾಕ್ಯಾರ. ಹಳೇ ಬಿಲ್ ಬುಕ್ ತೋರಿಸಿದ್ರು, ಅಪ್ಪನ ಹೆಸರಿಂದು.”

ನೀವು ಟೈಪ್ ಮಾಡುತ್ತೀರಿ: ಅನುಭವದ ಹೇಳಿಕೆಗೆ ಆಧಾರವಿದೆ. ಘಟಕದ ಫೋಟೊ ಬೇರೆಯವರದು. ಸ್ಥಳದಲ್ಲಿ ಕಂಡ ಸಿಎನ್‌ಸಿ ಮೆಷಿನ್ ಎರಡು, ಹೇಳಿಕೊಂಡದ್ದು ಎಂಟು.

ಸಂಜೆ ಪೀಣ್ಯದವರ ಕರೆ. “ಎಲ್ಲ ಓದಿದೆ. ಮನುಷ್ಯ ಹೇಗೆ ಮೇಡಂ, ಒಳ್ಳೆಯವನಾ?”

“ಅದನ್ನ ನಾವು ಹೇಳಲ್ಲ ಸರ್,” ಎನ್ನುತ್ತಾರೆ ಲೀಡ್. “ಎರಡು ಮೆಷಿನ್ನಲ್ಲಿ ನಿಮ್ಮ ಆರ್ಡರ್ ಮುಗಿಯುತ್ತಾ ಅಂತ ಅವರನ್ನೇ ಕೂರಿಸಿಕೊಂಡು ಕೇಳಿ.”